ಕಾರು ತಾನಾಗಿ ನಿಲ್ಲುತ್ತಿತ್ತೋ, ನಿಲ್ಲಿಸುತ್ತಿದ್ದನೋ

ಕಾರು ಕಪ್ಪಗಿತ್ತು ಎಂದು ನನ್ನ ನೆನಪು. ಚಿಕ್ಕಮ್ಮ ಅದು ಕಡು ಹಸಿರು ಎನ್ನುತ್ತಾಳೆ. ನಾನು ಅದನ್ನು ಹೆಚ್ಚಾಗಿ ನೋಡಿದ್ದು ಬೆಳಕು ಹರಿಯುವ ಮೊದಲು, ಮಂಜಿನಲ್ಲಿ. ಅವಳು ಅದನ್ನು ಬಿಸಿಲಿನಲ್ಲಿ ನಿಲ್ಲಿಸಿ ಒರೆಸಿದವಳು. ಹಾಗಾಗಿ ಅವಳ ಮಾತೇ ಸರಿ ಇರಬೇಕು. ಆದರೂ ಇದನ್ನು ಬರೆಯುವಾಗ ನನ್ನ ಕಣ್ಣ ಮುಂದೆ ಬರುವುದು ಕಪ್ಪು ಕಾರೇ. ಉಳಿದ ವಿವರಗಳಲ್ಲೂ ಇಂಥ ತಪ್ಪುಗಳು ಇರಬಹುದು. ಆ ವರ್ಷ ನಾನು ದಿನಚರಿ ಬರೆಯುತ್ತಿದ್ದೆ ನಿಜ. ಅದರಲ್ಲಿ ನಾನು ಓದಿದ ಪುಸ್ತಕಗಳ ಬಗ್ಗೆ ಪುಟಗಟ್ಟಲೆ ಇದೆ. ಈ ಸಂಗತಿಯ ಬಗ್ಗೆ ಇರುವುದು ಅಲ್ಲಲ್ಲಿ ಒಂದು ಸಾಲು: ‘ಕಾರು ಇವತ್ತೂ ನಿಂತಿತಂತೆ.’ ಯಾವುದು ಮುಖ್ಯ, ಯಾವುದು ಅಲ್ಲ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಈಗ ಗೊತ್ತಿದೆ ಎನ್ನುವುದಕ್ಕೂ ಧೈರ್ಯ ಸಾಲದು.

ಲಿಂಗನಮಕ್ಕಿಯ ನೀರು ಏರಿ ನಿಂತ ಮೇಲಿನ ವರ್ಷಗಳು ಅವು. ನಮ್ಮ ಮನೆ ಇದ್ದದ್ದು ತುಮರಿಯ ಕಡೆ. ಸಾಗರಕ್ಕೆ ಬರಬೇಕಾದರೆ ಲಾಂಚಿಗೆ ಕಾಯಬೇಕಾಗಿತ್ತು, ಅದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಬಂದು, ಮುಂದೆ ಓದುವುದೋ ಬಿಡುವುದೋ ಎಂದು ತೀರ್ಮಾನವಾಗದೆ, ಸಾಗರದ ಒಂದು ಶಾಲೆಯಲ್ಲಿ ತಾತ್ಕಾಲಿಕವಾಗಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಉಳಿದುಕೊಂಡದ್ದು ಚಿಕ್ಕಪ್ಪನ ಮನೆಯಲ್ಲಿ. ಅಪ್ಪನ ತಮ್ಮ ಅವನು. ಪೇಟೆಯಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಯಾರೋ ಓಡಿಸಿ ಬಿಟ್ಟ ಹಳೆಯ ಕಾರೊಂದನ್ನು ಕೊಂಡು, ತಾನೇ ಓಡಿಸುತ್ತಿದ್ದ. ವಾರದಲ್ಲಿ ಎರಡು ಮೂರು ದಿನ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಸೀಟಿನ ಲೆಕ್ಕದಲ್ಲಿ ಜನರನ್ನು ಕರೆದುಕೊಂಡು ಹೋಗುತ್ತಿದ್ದ. ಕೋರ್ಟು ಕಚೇರಿಗೆ ಹೋಗುವವರು, ಆಸ್ಪತ್ರೆಗೆ ಹೋಗುವವರು. ಬಸ್ಸಿಗಿಂತ ಮೊದಲು ಮುಟ್ಟಿಸುತ್ತಾನೆ ಎನ್ನುವುದೇ ಅವನ ಹೆಸರು. ಆದ್ದರಿಂದ ಸೂರ್ಯ ಕಾಣುವ ಮೊದಲೇ ಹೊರಡಬೇಕಾಗಿತ್ತು.

ಬೆಳಿಗ್ಗೆ ಕಾರು ಹೊರಡಿಸುವುದೇ ಒಂದು ಕೆಲಸ. ಚಿಕ್ಕಮ್ಮ ಬಚ್ಚಲಿನ ಹಂಡೆಗೆ ಬೆಂಕಿ ಹಾಕಿರುತ್ತಿದ್ದಳು. ಆ ಹಂಡೆಯಿಂದ ಒಂದು ಕೊಡ ಬಿಸಿನೀರನ್ನು ಚಿಕ್ಕಪ್ಪ ರೇಡಿಯೇಟರಿಗೆ ಸುರಿಯುತ್ತಿದ್ದ. ಚೋಕ್ ಎಳೆದು, ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿದರೆ ಇಂಜಿನ್ನು ಕೆಮ್ಮಿ, ಉಗುಳಿ, ಕೊನೆಗೆ ಎದ್ದುಕೊಳ್ಳುತ್ತಿತ್ತು. ಮನುಷ್ಯರ ಸ್ನಾನಕ್ಕಿಂತ ಮೊದಲು ಕಾರಿನದು ಎಂದು ಚಿಕ್ಕಮ್ಮ ಗೊಣಗುತ್ತಿದ್ದಳು. ಮಲೆನಾಡಿನಲ್ಲಿ ಕಾರು ಇಟ್ಟುಕೊಂಡವರೆಲ್ಲ ಆಗ ಹೀಗೇ ಮಾಡುತ್ತಿದ್ದರು ಎಂದು ಕಾಣುತ್ತದೆ. ತಣ್ಣಗಿರುವ ಇಂಜಿನ್ನಿಗೆ ಬಿಸಿನೀರು ಒಳ್ಳೆಯದೇ, ಅದರಲ್ಲಿ ತಪ್ಪಿಲ್ಲ.

ತೊಂದರೆ ಇದ್ದದ್ದು ಬೇರೆ ಕಡೆ. ಸಾಗರದಿಂದ ಹೊಸನಗರದವರೆಗೆ ಕಾರು ಚೆನ್ನಾಗಿಯೇ ಹೋಗುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ನಿಲ್ಲಿಸಿ ಜನರನ್ನು ಹತ್ತಿಸಿಕೊಂಡು, ಹೊಸನಗರದಲ್ಲಿ ಎಲ್ಲರೂ ಇಳಿದು ಕಾಫಿ ಕುಡಿದು ಮತ್ತೆ ಹೊರಡುತ್ತಿದ್ದರು. ಅಲ್ಲಿಂದ ಮುಂದೆ ಕಾಡು, ಇಳಿಜಾರು, ಹಳ್ಳ, ಮತ್ತೆ ಏರು. ಮಂಜು ಕಾರಿನ ಗಾಜಿಗೆ ಒದ್ದೆ ಬಟ್ಟೆಯ ಹಾಗೆ ಅಂಟಿಕೊಂಡಿರುತ್ತಿತ್ತು. ಆ ಏರಿನಲ್ಲಿ ಕಾರಿನ ಶಕ್ತಿ ಇಳಿಯುತ್ತ ಬಂದು, ಎರಡು ಸಲ ಗುಟುಕರಿಸಿ, ನಿಂತುಬಿಡುತ್ತಿತ್ತು. ಎಷ್ಟು ಹ್ಯಾಂಡಲ್ ಹೊಡೆದರೂ ಏಳುತ್ತಿರಲಿಲ್ಲ.

ನಿಲ್ಲುತ್ತಿದ್ದ ಜಾಗ ಹೆಚ್ಚುಕಡಿಮೆ ಒಂದೇ. ಅಲ್ಲಿ ರಸ್ತೆಯ ಪಕ್ಕದಲ್ಲಿ ಒಂದು ಒಂಟಿ ಮನೆ ಇತ್ತು. ಗೇಣಿ ಮಾಡಿಕೊಂಡಿದ್ದವರ ಮನೆ. ಬಚ್ಚಲು ರಸ್ತೆಗೇ ಮುಖ ಮಾಡಿತ್ತು, ಆ ಹೊತ್ತಿಗೆ ಅದರ ಮಾಡಿನಿಂದ ಹೊಗೆ ಏಳುತ್ತಿರುತ್ತಿತ್ತು. ಹೊಗೆ ಇದ್ದಲ್ಲಿ ಹಂಡೆ, ಹಂಡೆ ಇದ್ದಲ್ಲಿ ಬಿಸಿನೀರು. ಚಿಕ್ಕಪ್ಪ ಹೋಗಿ ಕೇಳಿದ್ದಾನೆ, ಅವರು ಕೊಟ್ಟಿದ್ದಾರೆ, ಸುರಿದಿದ್ದಾನೆ, ಕಾರು ಎದ್ದಿದೆ. ಮುಂದಿನ ಸಲವೂ ಹಾಗೆಯೇ. ಆಮೇಲೆ ಅದೇ ಪದ್ಧತಿಯಾಯಿತು. ಆ ಮನೆಯಲ್ಲಿ ಇದ್ದವರು ಒಬ್ಬ ಮುದುಕಿ ಮತ್ತು ಅವಳ ಸೊಸೆ. ಮಗ ಅಣೆಕಟ್ಟಿನ ಕೆಲಸಕ್ಕೆ ಹೋದವನು ಅಲ್ಲಿಂದ ಬೇರೆ ಕಡೆ ಕೆಲಸ ಹುಡುಕಿಕೊಂಡು ಹೋಗಿದ್ದ, ಬರುವುದು ಅಪರೂಪ ಎಂದು ಹೇಳುತ್ತಿದ್ದರು. ನೀರು ತಂದುಕೊಡುತ್ತಿದ್ದವಳು ಸೊಸೆ.

ರೋಗ ಏನೆಂದು ಹುಡುಕುವ ಪ್ರಯತ್ನ ನಡೆಯಲಿಲ್ಲ ಎಂದಲ್ಲ. ಸಾಗರದ ಫಿಟ್ಟರ್ ಒಬ್ಬ ಎರಡು ಮೂರು ಸಲ ಬಾನೆಟ್ಟಿನೊಳಗೆ ತಲೆ ಹಾಕಿದ್ದ. ಮೊದಲು ಪೆಟ್ರೋಲಿನಲ್ಲಿ ನೀರು ಸೇರಿದೆ ಎಂದ. ಟಾಂಕಿ ಖಾಲಿ ಮಾಡಿ, ತೊಳೆದು, ಹೊಸ ಪೆಟ್ರೋಲು ಹಾಕಿಸಿದರು. ನಿಂತಿತು. ಮಂಜಿಗೆ ಕರೆಂಟು ಸೋರುತ್ತದೆ ಎಂದು ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನು ಒಣಬಟ್ಟೆಯಲ್ಲಿ ಒರೆಸಿ, ಮೇಲೆ ಸೈಕಲ್ ಟ್ಯೂಬಿನ ತುಂಡು ಸುತ್ತಿದ. ನಿಂತಿತು.

“ಪ್ಲಗ್ಗು ಹೊಸ್ದು, ಪಾಯಿಂಟು ಹೊಸ್ದು. ಇನ್ನು ನಿಂತ್ರೆ ನನ್ನ ಹೆಸ್ರು ಹಿಡಿದು ಕರೀಬ್ಯಾಡಿ” ಎಂದು ಅವನು ಹೇಳಿದ ಮರುದಿನವೂ ನಿಂತಿತು. ಅವನನ್ನು ಹೆಸರು ಹಿಡಿದು ಕರೆಯುವುದನ್ನು ಚಿಕ್ಕಪ್ಪ ನಿಜಕ್ಕೂ ಬಿಟ್ಟ. ಅಲ್ಲಿಂದ ಮುಂದೆ ‘ಆ ಪ್ಲಗ್ಗು’ ಎಂದೇ ಕರೆಯುತ್ತಿದ್ದ.

ಪೇಟೆಯವರಿಗೆ ಇದೊಂದು ತಮಾಷೆ. ಯಾವುದೋ ಜಮೀನಿನ ವ್ಯಾಜ್ಯ ಹಿಡಿದುಕೊಂಡು ತೀರ್ಥಹಳ್ಳಿಗೆ ಅಲೆಯುತ್ತಿದ್ದ ಹಿರಿಯರೊಬ್ಬರಿದ್ದರು. ಕಾರಿನ ಖಾಯಂ ಗಿರಾಕಿ. ಮಫ್ಲರ್ ಸುತ್ತಿಕೊಂಡು ಹಿಂದಿನ ಸೀಟಿನ ಮೂಲೆ ಹಿಡಿದರೆ ಬಾಯಿ ನಿಲ್ಲುತ್ತಿರಲಿಲ್ಲ. ಅವರು ನಮ್ಮ ಜಗುಲಿಯಲ್ಲಿ ಕೂತು, “ಇದು ಚಳಿಜ್ವರ ಮಾರಾಯ್ರೇ. ಕೊಯ್ನಾ ಮಾತ್ರೆ ಟಾಂಕಿಗೆ ಹಾಕಿ. ಇಲ್ಲಾಂದ್ರೆ ಶುಂಠಿ ಕಷಾಯ ಕುಡಿಸಿ” ಎನ್ನುತ್ತಿದ್ದರು. ಒಂದು ದಿನ ಎಲೆಯಡಿಕೆಯ ಕವಳ ಹಾಕಿಕೊಳ್ಳುತ್ತ, ಧ್ವನಿ ಸ್ವಲ್ಪ ಇಳಿಸಿ, ಆದರೆ ಒಳಗೆ ಕೇಳುವಷ್ಟು ಇಳಿಸದೆ, “ಅಲ್ಲ, ಈ ಜ್ವರ ಬೇರೆ ಯಾರ ಮನೆ ಮುಂದೂ ಬರೂದಿಲ್ಲ ನೋಡಿ” ಎಂದರು. ಚಿಕ್ಕಪ್ಪ ನಕ್ಕ. ನಗಬಾರದಾಗಿತ್ತು ಎಂದು ಈಗ ಅನ್ನಿಸುತ್ತದೆ. ನಗದಿದ್ದರೆ ಇನ್ನೇನು ಮಾಡಬೇಕಾಗಿತ್ತು ಎಂದರೆ ಅದೂ ನನಗೆ ಗೊತ್ತಿಲ್ಲ.

ಚಿಕ್ಕಮ್ಮ ಅಡಿಗೆಮನೆಯಲ್ಲಿದ್ದಳು. ಮರುದಿನವೋ ಅದರ ಮರುದಿನವೋ, ನಾನು ಶಾಲೆಯಿಂದ ಬಂದು ಕಾಲು ತೊಳೆದು ಒಳಗೆ ಹೋದಾಗ, ಅವಳು ತೆಂಗಿನಕಾಯಿ ತುರಿಯುತ್ತಿದ್ದವಳು ನಿಲ್ಲಿಸದೆಯೇ ಕೇಳಿದಳು:

“ಕೂಸೆ, ನೀನು ಸೈನ್ಸು ಓದಿದ್ದೆ. ಒಂದೇ ಒಂದು ಹೇಳು. ಆ ಕಾರು ತಾನಾಗಿ ನಿಲ್ತೋ, ನಿನ್ನ ಚಿಕ್ಕಪ್ಪ ನಿಲ್ಲಿಸ್ತ್ರೋ?”

ನಾನು ಏನೋ ಸಮಾಧಾನ ಹೇಳಲು ಹೋದೆ.

“ಯಂಗೆ ಸಮಾಧಾನ ಬ್ಯಾಡ. ಸಂಕ್ರಾಂತಿವರಿಗೆ ನೋಡ್ತೆ. ನಿಲ್ಲಿಸ್ತ್ರು ಹೇಳಾದ್ರೆ ಆನು ಅಪ್ಪನ ಮನಿಗೆ ಹೋಗ್ತೆ. ಮತ್ತೆ ಬತ್ನಿಲ್ಲೆ.”

ಅವಳು ಅತ್ತಿರಲಿಲ್ಲ. ಧ್ವನಿಯೂ ಏರಿರಲಿಲ್ಲ. ಕಾಯಿ ತುರಿದು ಮುಗಿಸಿ, ತುರಿಮಣೆಯನ್ನು ಗೋಡೆಗೆ ಒರಗಿಸಿಟ್ಟಳು. ಆಗ ಅವಳಿಗೆ ನನಗಿಂತ ಹೆಚ್ಚೆಂದರೆ ಆರೇಳು ವರ್ಷ ದೊಡ್ಡ ವಯಸ್ಸು. ಅವಳು ಹೇಳಿದ್ದನ್ನು ಮಾಡುವವಳು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಹೀಗಾಗಿ ಒಂದು ಕಾರಿನ ರೋಗಪರೀಕ್ಷೆ ನನ್ನ ಪಾಲಿಗೆ ಬಂತು. ನನಗೆ ಕಾರಿನ ಬಗ್ಗೆ ಗೊತ್ತಿದ್ದದ್ದು ಪುಸ್ತಕದಲ್ಲಿದ್ದ ಒಂದು ಚಿತ್ರ ಮಾತ್ರ, ಸಿಲಿಂಡರು ಮತ್ತು ಪಿಸ್ಟನ್ನು. ಚಿಕ್ಕಪ್ಪನನ್ನು ಕೇಳಿದೆ. ನಿಲ್ಲುವ ಮೊದಲು ಏನಾಗುತ್ತದೆ? “ಉಸಿರು ಕಟ್ಟಿದಂಗೆ ಆಗ್ತು.” ಆಕ್ಸಿಲರೇಟರ್ ಒತ್ತಿದರೆ? “ಒತ್ತಿದಷ್ಟೂ ಇಳಿತು.” ಹೊಸನಗರಕ್ಕಿಂತ ಮೊದಲು ಯಾಕೆ ನಿಲ್ಲುವುದಿಲ್ಲ? “ಅದು ಗೊತ್ತಿದ್ರೆ ಆನು ಡ್ರೈವರ್ ಎಂತಕ್ಕೆ ಆಗ್ತಿದ್ದೆ?” ಮಧ್ಯಾಹ್ನ ತಿರುಗಿ ಬರುವಾಗ? “ಕುದುರೆ ಹಂಗೆ ಬತ್ತು.” ಆ ಮನೆಯ ಮುಂದೆಯೇ ಯಾಕೆ ಎಂದು ನಾನು ಕೇಳಲಿಲ್ಲ.

ಮುಖ್ಯವಾದ ಪ್ರಶ್ನೆ ಬಂದದ್ದು ಆಮೇಲೆ. ಅಲ್ಲಿಯವರೆಗೆ ಓಡಿದ ಇಂಜಿನ್ನು ಬಿಸಿಯಾಗಿಯೇ ಇರುತ್ತದೆ, ರೇಡಿಯೇಟರಿನ ನೀರು ಕೈ ಸುಡುವಷ್ಟು ಕಾದಿರುತ್ತದೆ. ಹಾಗಿದ್ದಮೇಲೆ ಅದಕ್ಕೆ ಮತ್ತೆ ಬಿಸಿನೀರು ಯಾಕೆ? ಈ ಪ್ರಶ್ನೆ ಕೇಳಿದ್ದು ನಾನು ಎಂದು ನಮ್ಮ ಮನೆಗಳಲ್ಲಿ ಹೇಳುತ್ತಾರೆ, ಬಿ.ಎಸ್ಸಿ. ಮಾಡಿದವಳು ನಾನಲ್ಲವೇ. ಆದರೆ ನನ್ನ ಕಿವಿಯಲ್ಲಿ ಅದು ಚಿಕ್ಕಮ್ಮನ ಧ್ವನಿಯಲ್ಲಿ ಉಳಿದಿದೆ: “ಅಲ್ದೇ, ಕುದಿಯ ನೀರಿಗೆ ಬಿಸ್ನೀರು ಹಾಕದು ಎಂತಕ್ಕೆ?” ದಿನವೂ ಹಂಡೆ ಕಾಯಿಸುವವಳಿಗೆ ಹೊಳೆಯುವ ಮಾತೇ ಹೊರತು ಪುಸ್ತಕ ಓದಿದವಳದಲ್ಲ. ಯಾರೇ ಕೇಳಿರಲಿ, ಚಿಕ್ಕಪ್ಪನ ಉತ್ತರ ಚೆನ್ನಾಗಿ ನೆನಪಿದೆ. “ಎಂತಕ್ಕೆ ಹೇಳಿ ಗೊತ್ತಿಲ್ಲೆ. ಹಾಕಿರೆ ಹೊರಡ್ತು.”

“ಹಾಕದೇ ಇದ್ರೆ?” ಎಂದಳು ಚಿಕ್ಕಮ್ಮ.

“ಹಾಕದೇ ಇದ್ದು ನೋಡಿದ್ನಿಲ್ಲೆ.”

“ಹಂಗಾರೆ ನೋಡನ. ಎಂಗೊ ಇಬ್ರೂ ಬತ್ಯ.”

ತೀರ್ಥಹಳ್ಳಿಯಲ್ಲಿ ಚಿಕ್ಕಮ್ಮನ ಅಕ್ಕನ ಮನೆ ಇತ್ತು. ಅಲ್ಲಿಗೆ ಹೋಗುವ ನೆಪ. ಶಾಲೆಗೆ ರಜೆ ಇದ್ದ ಒಂದು ದಿನ ನಾವಿಬ್ಬರೂ ಮುಂದಿನ ಸೀಟಿನಲ್ಲಿ ಕೂತೆವು, ಚಿಕ್ಕಮ್ಮ ಮಧ್ಯದಲ್ಲಿ, ನಾನು ಕಿಟಕಿಯ ಕಡೆ. ಹಿಂದೆ ವ್ಯಾಜ್ಯದ ಹಿರಿಯರು ಮತ್ತು ದಾರಿಯಲ್ಲಿ ಹತ್ತಿದ ಒಂದಿಬ್ಬರು. ಯಾವತ್ತಿನ ಹಾಗೇ ಎಲ್ಲವೂ ನಡೆಯಬೇಕು ಎಂದು ನಾನು ಹೇಳಿದ್ದೆ. ಹೊಸನಗರದಲ್ಲಿ ಇಳಿದು ಕಾಫಿ ಕುಡಿದೆವು. ಹೆಂಗಸರು ಹೋಟೆಲಿನೊಳಗೆ ಹೋಗುವ ರೂಢಿ ಇರಲಿಲ್ಲ, ನಮಗೆ ಕಾಫಿ ಕಾರಿಗೇ ಬಂತು.

ಹೊಸನಗರ ಬಿಟ್ಟ ಮೇಲೂ ಹಿರಿಯರ ಮಾತು ನಡೆದೇ ಇತ್ತು. ನಾನು ರಸ್ತೆ ನೋಡುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು, ಚಿಕ್ಕಮ್ಮ ರಸ್ತೆಯನ್ನು ನೋಡುತ್ತಿರಲಿಲ್ಲ. ತಲೆ ತಗ್ಗಿಸಿ ಚಿಕ್ಕಪ್ಪನ ಬಲಗಾಲನ್ನು ನೋಡುತ್ತಿದ್ದಳು. ಕಾರನ್ನು ನಿಲ್ಲಿಸಬೇಕಾದರೆ ಕಾಲು ಎತ್ತಬೇಕು ಎಂದು ಅವಳು ಯಾರನ್ನು ಕೇಳಿ ತಿಳಿದುಕೊಂಡಿದ್ದಳೋ.

ಏರು ಶುರುವಾಯಿತು. ಇಂಜಿನ್ನಿನ ಧ್ವನಿ ದಪ್ಪವಾಯಿತು. ಚಿಕ್ಕಪ್ಪ ಗೇರು ಬದಲಿಸಿ ಕಾಲನ್ನು ಇನ್ನಷ್ಟು ಒತ್ತಿದ. ವೇಗ ಇಳಿಯಿತು. ಪೂರ್ತಿ ಒತ್ತಿದ. ಕಾರು ಗುಟುಕರಿಸಿತು, ಮುಂದಕ್ಕೊಮ್ಮೆ ಜಗ್ಗಿ, ನಿಂತಿತು. ಅವನ ಕಾಲು ಇನ್ನೂ ಪೆಡಲಿನ ಮೇಲೆ ನೆಲಕ್ಕೆ ಅಂಟಿಕೊಂಡಿತ್ತು. ಚಿಕ್ಕಮ್ಮ ತಲೆ ಎತ್ತಿದಳು.

“ಬಂತಪ್ಪ ಬಚ್ಚಲುಮನೆ ಸ್ಟಾಪು!” ಎಂದರು ಹಿರಿಯರು. ಆಮೇಲೆ ಮುಂದೆ ಯಾರು ಕೂತಿದ್ದಾರೆ ಎಂಬುದು ನೆನಪಾಗಿ, ಮಫ್ಲರನ್ನು ಬಾಯಿಯವರೆಗೆ ಎಳೆದುಕೊಂಡರು.

ಮನೆ ಇನ್ನೊಂದು ಸ್ವಲ್ಪ ಮುಂದಿತ್ತು. ಹೊಗೆ ಕಾಣುತ್ತಿತ್ತು. ಚಿಕ್ಕಪ್ಪ ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟವನು, ನಾನು “ಚಿಕ್ಕಪ್ಪಾ” ಎಂದದ್ದಕ್ಕೆ ಅಲ್ಲೇ ನಿಂತ. ಎಲ್ಲರೂ ಇಳಿದು ಬಾನೆಟ್ಟು ಎತ್ತಿದೆವು. ರೇಡಿಯೇಟರಿನಿಂದ ಬಿಸಿ ಮುಖಕ್ಕೆ ಹೊಡೆಯಿತು. ಆದರೆ ಪೆಟ್ರೋಲು ಗಾಳಿಯೊಡನೆ ಬೆರೆಯುವ ಕಾರ್ಬುರೇಟರಿನ ಕುತ್ತಿಗೆ ಮಾತ್ರ ಬೆವೆತು ನೀರಾಗಿತ್ತು. ಅದರ ಮೇಲೆ ಒಂದು ಕಡೆ ಬೆಳ್ಳಗೆ ಏನೋ, ಒಣಕೊಬ್ಬರಿ ತುರಿ ಮೆತ್ತಿದ ಹಾಗೆ. ನಾನು ಬೆರಳಿಟ್ಟೆ. ಕೊರೆಯುವಷ್ಟು ತಣ್ಣಗಿತ್ತು, ಬೆರಳಿನ ಕೆಳಗೆ ಕರಗಿತು. ಇಲ್ಲಿ ನಾನು ನನ್ನನ್ನೇ ತಡೆದು ಕೇಳಬೇಕು. ಇದನ್ನು ನಿಜವಾಗಿ ಕಂಡೆನೋ, ಅಥವಾ ಮುಂದೆ ಎಂ.ಎಸ್ಸಿ.ಗೆಂದು ಮತ್ತೆ ಮೈಸೂರಿಗೆ ಹೋಗಿ ಓದಿದ್ದು ಹಿಂದಕ್ಕೆ ಸರಿದು ಇಲ್ಲಿ ಕೂತಿದೆಯೋ? ಚಿಕ್ಕಪ್ಪ ತಾನು ಕಂಡದ್ದು ಬರೀ ನೀರು ಎನ್ನುತ್ತಿದ್ದ. ಬೆರಳು ಕೊರೆದ ನೆನಪು ನನಗಿದೆ, ಅಷ್ಟನ್ನು ಮಾತ್ರ ಹೇಳುತ್ತೇನೆ.

ಕಾಯುತ್ತ ನಿಂತೆವು. ಕಾರು ಬಂದ ಸದ್ದು, ನಿಂತ ಸದ್ದು ಆ ಮನೆಗೆ ಕೇಳಿಸಿಯೇ ಇರಬೇಕು. ಯಾರೂ ಕರೆಯದೆ ಸೊಸೆ ಬಂದಳು, ಒಂದು ಕೊಡವನ್ನು ಸೊಂಟದ ಮೇಲಿಟ್ಟುಕೊಂಡು. ಮಂಜಿನಲ್ಲಿ ಮೊದಲು ಕಂಡದ್ದು ಕೊಡದಿಂದ ಏಳುವ ಆವಿ. ಹಣೆಯಲ್ಲಿ ಕುಂಕುಮ, ತಲೆಗೆ ಕಟ್ಟಿದ ಹಳೆಯ ಪಂಚೆ. ಅವಳು ನೋಡಲು ಹೇಗಿದ್ದಳು ಎಂದು ನನ್ನನ್ನು ಆಮೇಲೆ ಎಷ್ಟೋ ಜನ ಕೇಳಿದ್ದಾರೆ. ಎಲ್ಲರ ಹಾಗೇ ಇದ್ದಳು.

“ಏನ್ರೀ, ಇವತ್ತು ಇಷ್ಟು ದೂರದಾಗೇ ನಿಲ್ಸೀರಿ?” ಎಂದಳು ಚಿಕ್ಕಪ್ಪನಿಗೆ. ಆಮೇಲೆ ನಮ್ಮನ್ನು ನೋಡಿ, “ಓ, ಮನೆಯವ್ರೂ ಬಂದಾರಾ! ಬರ್ರಿ ಅಮ್ಮಾ, ಚಳೀಲಿ ನಿಂತೀರಲ್ಲ. ಬೆಲ್ಲದ ಕಾಪಿ ಆದ್ರೂ ಕುಡ್ಕಂಡು ಹೋಗಿ.”

“ಬ್ಯಾಡ, ಈಗಷ್ಟೇ ಕುಡ್ದು ಬಂದ್ವಿ” ಎಂದಳು ಚಿಕ್ಕಮ್ಮ. ಹೊರಗಿನವರ ಹತ್ತಿರ ಅವಳು ಪೇಟೆಯ ಮಾತನ್ನೇ ಆಡುತ್ತಿದ್ದಳು.

“ಹಂಗಾರೆ ನೀರು ಹಾಕ್ಕಳ್ರಿ, ಆರ್ತದೆ.”

“ಇವತ್ತು ನೀರು ಹಾಕದಿಲ್ಲ.”

“ಯಾಕ್ರೀ? ರಿಪೇರಿ ಆತಾ?”

ಅವಳು ಕೊಡ ಹಿಡಿದುಕೊಂಡು ನಿಂತಳು, ಚಿಕ್ಕಮ್ಮ ಸೆರಗು ಹೊದ್ದುಕೊಂಡು ನಿಂತಳು, ಚಿಕ್ಕಪ್ಪ ಇಬ್ಬರನ್ನೂ ನೋಡದೆ ಇಂಜಿನ್ನನ್ನು ನೋಡುತ್ತ ನಿಂತ. ಎಷ್ಟು ಹೊತ್ತು ಎಂದು ಹೇಳಲಾರೆ. ಅವಳು ಮನೆಗೆ ಹೋಗಿ ನೀರು ತೋಡಿಕೊಂಡು ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಆಗಿರಬೇಕು. ಆಮೇಲೆ ಚಿಕ್ಕಪ್ಪ ಹ್ಯಾಂಡಲ್ ತೆಗೆದುಕೊಂಡು ಹಾಕಿ ಒಮ್ಮೆ ತಿರುಗಿಸಿದ. ಇಂಜಿನ್ನು ಏನೂ ಆಗದ ಹಾಗೆ ಎದ್ದಿತು.

“ಅಯ್ಯ! ನೀರಿಲ್ದೇ ಹೊರಡ್ತಲ್ಲ!” ಎಂದಳು ಅವಳು. ನಕ್ಕಳು ಎಂದು ಕಾಣುತ್ತದೆ.

ಆಗ ಚಿಕ್ಕಮ್ಮ ಮುಂದೆ ಹೋಗಿ ಎರಡೂ ಕೈ ಚಾಚಿದಳು. “ತಂದಿದ್ದು ಹಾಳಾಗದು ಬ್ಯಾಡ. ಹಾಕು ಇಲ್ಲಿ, ಕೈ ಮರಗಟ್ಟಿದೆ.” ಅವಳು ಕೊಡ ಬಗ್ಗಿಸಿ ಬಿಸಿನೀರು ಸುರಿದಳು. ಚಿಕ್ಕಮ್ಮ ರಸ್ತೆಯ ಬದಿಯಲ್ಲಿ ಬಗ್ಗಿ ನಿಂತು, ನಿಧಾನವಾಗಿ, ಮೊಣಕೈಯವರೆಗೆ ಕೈ ತೊಳೆದುಕೊಂಡಳು. ಕೊಡ ಖಾಲಿಯಾಗುವವರೆಗೂ ತೊಳೆದುಕೊಂಡಳು. ಇಂಜಿನ್ನು ಓಡುತ್ತಲೇ ಇತ್ತು.

ಆ ದಿನ ರಾತ್ರಿ ಊಟಕ್ಕೆ ಬಡಿಸುತ್ತ ಅವಳು ಚಿಕ್ಕಪ್ಪನಿಗೆ ಹೇಳಿದ್ದು ಇಷ್ಟೇ: “ತಾನಾಗಿ ನಿಂತ್ತು. ಕಂಡಿ. ತಾನಾಗಿ ಹೊರಡ್ತು, ಅದನ್ನೂ ಕಂಡಿ. ಇನ್ನು ನಿಲ್ಲದಂಗೆ ಮಾಡಿ.” ಅಂದರೆ ಅರ್ಧ ಪ್ರಶ್ನೆ ಮಾತ್ರ ಮುಗಿದಿತ್ತು. ಕಾರು ಸುಳ್ಳು ಹೇಳುತ್ತಿರಲಿಲ್ಲ. ಆದರೆ ಅದು ಅಲ್ಲಿ ನಿಲ್ಲುತ್ತಿರುವವರೆಗೂ ಅವಳು ಅಪ್ಪನ ಮನೆಗೆಂದು ಇಳಿಸಿದ್ದ ಪೆಟ್ಟಿಗೆಯನ್ನು ಅಟ್ಟದ ಮೇಲೆ ತಿರುಗಿ ಇಡುವಂತಿರಲಿಲ್ಲ. ಪೆಟ್ಟಿಗೆ ಕೆಳಗೆ ಇಳಿದು ಬಂದಿದ್ದನ್ನು ನಾನು ನೋಡಿದ್ದೆ.

ಕಾಯಿಲೆ ಗೊತ್ತಾದದ್ದು ಯಾರ ಬುದ್ಧಿವಂತಿಕೆಯಿಂದಲೂ ಅಲ್ಲ. ಇಂಜಿನ್ನಿನ ಮೇಲೆ, ಗಾಳಿ ಸೋಸುವುದಕ್ಕೆ ಒಂದು ತಗಡಿನ ಡಬ್ಬಿ ಇತ್ತು, ಅದಕ್ಕೊಂದು ಮೂತಿ. ಚಿಟ್ಟೆ ನಟ್ಟು ಸಡಿಲಿಸಿದರೆ ಡಬ್ಬಿಯನ್ನು ತಿರುಗಿಸಬಹುದಾಗಿತ್ತು. ತಗಡಿನ ಮೇಲೆ ಒಂದು ಕಡೆ ಇಂಗ್ಲಿಷಿನ ಎಸ್, ಇನ್ನೊಂದು ಕಡೆ ಡಬ್ಲ್ಯೂ ಅಕ್ಷರ ಒತ್ತಿದ್ದರು. ಡಬ್ಲ್ಯೂ ಎಂದರೆ ವಾಟರ್ ಎಂದು ಫಿಟ್ಟರ್ ‘ಪ್ಲಗ್ಗು’ ಚಿಕ್ಕಪ್ಪನಿಗೆ ಹೇಳಿಕೊಟ್ಟಿದ್ದ. ಕಾರು ತೊಳೆಯುವಾಗ ಮೂತಿಯನ್ನು ಡಬ್ಲ್ಯೂ ಕಡೆಗೆ ತಿರುಗಿಸಬೇಕು, ಒಳಗೆ ನೀರು ಹೋಗುವುದಿಲ್ಲ. ತೊಳೆದಾದ ಮೇಲೆ ತಿರುಗಿ ಎಸ್‌ಗೆ ತರಬೇಕು. ಎಸ್ ಎಂದರೆ ಸ್ಟಾರ್ಟ್. ಇದರಲ್ಲಿ ಯಾರಿಗೂ ಸಂಶಯ ಬರಲಿಲ್ಲ. ಪ್ರತಿ ಸಲ ತೊಳೆಯುವಾಗಲೂ ಚಿಕ್ಕಪ್ಪ ಶ್ರದ್ಧೆಯಿಂದ ತಿರುಗಿಸಿ, ಶ್ರದ್ಧೆಯಿಂದ ವಾಪಸು ತರುತ್ತಿದ್ದ. ನಾನು ಎಷ್ಟೋ ಸಲ ಪಕ್ಕದಲ್ಲಿ ನಿಂತು ನೋಡಿದ್ದೆ, ನನಗೂ ಅದು ಸರಿಯೆಂದೇ ಕಂಡಿತ್ತು.

ಸಂಕ್ರಾಂತಿ ಹತ್ತಿರ ಬಂದಿತ್ತು. ಯಾರೋ ಮದುವೆ ಮಾತುಕತೆಗೆ ಕಾರು ಹೇಳಿದ್ದರೆಂದು ಸಂಜೆ ತೊಳೆದವನು, ಮಾತಿನ ಮಧ್ಯೆ ಮೂತಿಯನ್ನು ವಾಪಸು ತಿರುಗಿಸುವುದನ್ನು ಮರೆತ. ಮರುದಿನ ತೀರ್ಥಹಳ್ಳಿಗೆ ಹೋದ. ಮಧ್ಯಾಹ್ನದ ಮೇಲೆ ಬಂದವನು ಕಾರನ್ನು ನಿಲ್ಲಿಸಿ ಇಳಿಯದೆಯೇ ಕೂತಿದ್ದ. ಚಿಕ್ಕಮ್ಮ ಬಾಗಿಲಿಗೆ ಬಂದಳು.

“ಎಂತ ಆತು?”

“ಇವತ್ತು ನಿಂತಿದ್ದೇ ಇಲ್ಲೆ.”

“ಎಲ್ಲೂ?”

“ಎಲ್ಲೂ ಇಲ್ಲೆ. ಕೊಪ್ಪರಿಗೆ ಬೆಲ್ಲ ಇಳಿದಂಗೆ ಇಳತ್ತು, ಹಂಗೇ ಏರ್ತು.”

ಬಾನೆಟ್ಟು ಎತ್ತಿದಾಗ ಮೂತಿ ಡಬ್ಲ್ಯೂ ಕಡೆಗಿತ್ತು. ಹೊಗೆ ಹೋಗುವ ಬಿಸಿ ಕೊಳವೆಯ ಮಗ್ಗುಲಿಗೆ ಮುಖ ಮಾಡಿತ್ತು. ಚಿಕ್ಕಪ್ಪ ಗಾಬರಿಯಿಂದ ಅದನ್ನು ತಿರುಗಿಸಲು ಹೋದ. ಚಿಕ್ಕಮ್ಮ ಅವನ ಕೈ ಹಿಡಿದುಕೊಂಡಳು. ಅವಳು ನಮ್ಮ ಮುಂದೆ ಅವನ ಕೈ ಹಿಡಿದದ್ದನ್ನು ನಾನು ಬೇರೆ ಯಾವಾಗಲೂ ನೋಡಿಲ್ಲ.

“ಹಂಗೇ ಇರ್ಲಿ.”

“ಇದು ನೀರಿಂದು ಮಾರಾಯ್ತಿ!”

“ಎಂತದೇ ಆಗ್ಲಿ. ಇರ್ಲಿ.”

ಜಗುಲಿಯಲ್ಲಿದ್ದ ಹಿರಿಯರು ಬಂದು ಬಗ್ಗಿ ನೋಡಿದರು. “ಎಸ್ ಅಂದ್ರೆ ಸಾಗರ. ಡಬ್ಲ್ಯೂ ಅಂದ್ರೆ ವರದಹಳ್ಳಿ ಆಶ್ರಮ. ಸ್ವಾಮಿಗಳ ಕಡೆ ಮುಖ ಮಾಡಿದ್ ಮೇಲೆ ಯಾಕೆ ನಿಲ್ತದೆ ಹೇಳಿ!” ವರದಹಳ್ಳಿಗೆ ವಿ ಬೇಕು, ಡಬ್ಲ್ಯೂ ಅಲ್ಲ ಎಂದು ನಾನು ಹೇಳಿದೆ. ಹೇಳುತ್ತಿದ್ದಾಗಲೇ ಎಸ್ ಎಂದರೆ ಏನು, ಡಬ್ಲ್ಯೂ ಎಂದರೆ ಏನು ಎಂಬುದು ತಾನಾಗಿ ಹೊಳೆಯಿತು. ಸಮ್ಮರ್, ವಿಂಟರ್. ಇಷ್ಟೇ. ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಎಂದರೆ, ವಿಂಟರ್ ಎನ್ನುವುದು ನಮ್ಮದಲ್ಲ ಎಂಬ ಭಾವನೆ. ಅದು ಹಿಮ ಬೀಳುವ ದೇಶದ್ದು, ಪಠ್ಯಪುಸ್ತಕದ ಪದ್ಯದಲ್ಲಿ ಬರುವಂಥದ್ದು. ನಮಗೆ ಇದ್ದದ್ದು ಮಳೆಗಾಲ, ಆಮೇಲೆ ಮಳೆ ಇಲ್ಲದ ಕಾಲ. ಚಳಿ ಬರುತ್ತಿತ್ತು, ಕಂಬಳಿ ಹೊದೆಯುತ್ತಿದ್ದೆವು, ಆದರೆ ಅದನ್ನು ವಿಂಟರ್ ಎಂದು ಯಾರೂ ಕರೆದಿರಲಿಲ್ಲ.

ಅದರ ಹಿಂದಿನ ವಿಜ್ಞಾನ ನನಗೆ ಅರ್ಥವಾದದ್ದು ಇನ್ನೂ ತಡವಾಗಿ. ಪೆಟ್ರೋಲು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಗಾಳಿ ತಣ್ಣಗಿದ್ದು, ಮಂಜಿನಿಂದ ಒದ್ದೆಯಾಗಿದ್ದರೆ, ಆ ತೇವ ಕಾರ್ಬುರೇಟರಿನ ಗಂಟಲಿನಲ್ಲಿ ಹೆಪ್ಪುಗಟ್ಟುತ್ತದೆ. ಹೊರಗೆ ನೀರು ಹೆಪ್ಪುಗಟ್ಟುವ ಚಳಿ ಇರಬೇಕೆಂದೇನೂ ಇಲ್ಲ. ಗಂಟಲು ಕಟ್ಟಿದ ಇಂಜಿನ್ನು ನಿಲ್ಲುತ್ತದೆ. ನಿಂತ ಮೇಲೆ ಅದರದೇ ಬಿಸಿ ಮೇಲಕ್ಕೆ ಹತ್ತಿ ಮಂಜುಗಡ್ಡೆಯನ್ನು ಕರಗಿಸುತ್ತದೆ. ಹೊಸನಗರದವರೆಗೆ ಜನರನ್ನು ಹತ್ತಿಸಿಕೊಳ್ಳಲು ನಿಂತಾಗಲೆಲ್ಲ ಅದು ಕರಗುತ್ತಿತ್ತು. ಕಾಫಿ ಕುಡಿದು ಹೊರಟ ಮೇಲೆ ಎಲ್ಲೂ ನಿಲ್ಲದೆ ಓಡಿ, ಕಟ್ಟಿಕೊಂಡು, ಗಂಟಲು ಮುಚ್ಚುವ ಹೊತ್ತಿಗೆ ಆ ಏರು ಬರುತ್ತಿತ್ತು. ಆ ಏರಿನಲ್ಲಿ ಯಾರ ಮನೆ ಇದ್ದರೂ ಕಾರು ಅಲ್ಲೇ ನಿಲ್ಲುತ್ತಿತ್ತು. ಬಿಸಿನೀರು ಏನೂ ಮಾಡುತ್ತಿರಲಿಲ್ಲ. ಅದನ್ನು ತರಲು ಹಿಡಿಯುತ್ತಿದ್ದ ಹೊತ್ತು ಮಾಡುತ್ತಿತ್ತು. ಇದನ್ನು ನಾನು ಚಿಕ್ಕಮ್ಮನಿಗೆ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದ್ದೇನೆ. ಅವಳು ಪೂರ್ತಿ ಕೇಳಿ, “ಗಂಟಲು ಕಟ್ಟದು ಹೇಳು ಸಾಕು” ಎಂದಳು.

ಆ ಚಳಿಯಲ್ಲಿ ಕಾರು ಮತ್ತೆ ನಿಲ್ಲಲಿಲ್ಲ. ಸಂಕ್ರಾಂತಿ ಬಂತು, ಹೋಯಿತು. ಪೆಟ್ಟಿಗೆ ಅಟ್ಟಕ್ಕೆ ಹೋಯಿತು. ಚಿಕ್ಕಪ್ಪ ಸಂತೋಷವಾಗಿದ್ದನೇ? ಇರಬೇಕು. ಬಾನೆಟ್ಟನ್ನು ಎತ್ತಿ ಸುಮ್ಮನೆ ನೋಡಿ ಮುಚ್ಚುವುದನ್ನು ಕೆಲವು ದಿನ ಮಾಡುತ್ತಿದ್ದ. ಪ್ಲಗ್ಗಿನ ಹತ್ತಿರ ಈ ವಿಷಯ ಹೇಳಿದಾಗ ಅವನು, “ನಾನು ಹೇಳಿದ್ದೂ ಅದೇ ಅಲ್ವಾ, ವಾಟರ್ರು. ಐಸ್ ಅಂದ್ರೆ ಮತ್ತಿನ್ನೇನು?” ಎಂದನಂತೆ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೊಕ್ಕವಾಗುತ್ತದೆ. ನಮ್ಮ ಮನೆಗಳಲ್ಲಿ ಹೇಳುವಾಗ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಯುಗಾದಿ ಕಳೆದ ಮೇಲೆ, ಬೆಳಿಗ್ಗೆಯೇ ಬೆವರು ಬರುವ ದಿನಗಳಲ್ಲಿ, ಹಿರಿಯರು ಜಗುಲಿಗೆ ಬಂದು ಮಜ್ಜಿಗೆ ಕೇಳಿದರು. ವ್ಯಾಜ್ಯದ ಸುದ್ದಿ ಹೇಳಿದರು. ಆಮೇಲೆ ಅದೇ ಉಸಿರಿನಲ್ಲಿ, “ನಿನ್ನೆ ಮತ್ತೆ ನಿಂತು ಬಿಡ್ತು ನೋಡಿ, ಅಲ್ಲೇ. ಕೊಡ ಹಿಡ್ಕಂಡು ಬಂದೇ ಬಿಟ್ಲು” ಎಂದರು. ನಾನು ಅಲ್ಲಿ ಇದ್ದೆ. ಅವರು ಹೀಗೆ ಅಂದದ್ದು ನಿಜ, ತಮಾಷೆಗೆ ಅಂದರೋ ಏನೋ ಗೊತ್ತಿಲ್ಲ. ಮಜ್ಜಿಗೆಯ ಲೋಟ ಹಿಡಿದು ಚಿಕ್ಕಮ್ಮ ಬಾಗಿಲಲ್ಲಿ ಇದ್ದಳು. ಅವಳಿಗೆ ಕೇಳಿಸಿತೋ ಇಲ್ಲವೋ. ಲೋಟ ಕೊಟ್ಟಳು, ಉಪ್ಪು ಸಾಕೇ ಎಂದು ವಿಚಾರಿಸಿದಳು, ಒಳಗೆ ಹೋದಳು.

ಬೇಸಿಗೆಯಲ್ಲಿ ಕಾರುಗಳು ನಿಲ್ಲುವುದಿಲ್ಲ ಎಂದಲ್ಲ. ಸೆಕೆಗೆ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ ಇಂಜಿನ್ನಿಗೆ ಮುಟ್ಟದೆ ಹೋಗುವುದುಂಟು. ಚಿಕ್ಕಪ್ಪ ಮೂತಿಯನ್ನು ಎಸ್ ಕಡೆಗೆ ತಿರುಗಿಸುವುದನ್ನು ಮರೆತು ಬಿಸಿಗಾಳಿಯಲ್ಲೇ ಓಡಿಸುತ್ತಿದ್ದಿರಲೂಬಹುದು. ಹೊಸನಗರದಿಂದ ಅದೇ ಏರಿನವರೆಗೆ ಇಂಜಿನ್ನು ಅಷ್ಟೇ ಕಾಯುತ್ತದೆ ಎಂದು ಲೆಕ್ಕ ಹಾಕಿ ತೋರಿಸುವುದೂ ನನಗೆ ಕಷ್ಟವಲ್ಲ. ಹಾಕಿದ್ದೇನೆ ಕೂಡ. ಪ್ರತಿ ಸಲವೂ ಸರಿಯಾಗಿಯೇ ಬರುತ್ತದೆ. ಹಾಗೆ ಬರುವುದೇ ನನಗೆ ಹಿಡಿಸುವುದಿಲ್ಲ.

ಚಿಕ್ಕಪ್ಪ ಈಗಿಲ್ಲ. ಕಾರು ಅವನಿಗಿಂತ ಎಷ್ಟೋ ಮೊದಲೇ ಗುಜರಿಗೆ ಹೋಯಿತು. ಹೋದ ಸಲ ಚಿಕ್ಕಮ್ಮನ ಮನೆಗೆ ಹೋದಾಗ ಅವಳು ಹಪ್ಪಳಕ್ಕೆಂದು ಹಲಸಿನ ತೊಳೆ ಬಿಡಿಸುತ್ತಿದ್ದಳು. ನಾನೂ ಕೈಗೆ ಎಣ್ಣೆ ಹಚ್ಚಿಕೊಂಡು ಕೂತೆ. ಮೊಮ್ಮಕ್ಕಳು ಎದ್ದು ಆಚೆ ಹೋದ ಮೇಲೆ ಕೇಳಿದೆ. ಅವಳು ಒಂದು ತೊಳೆ ಬಿಡಿಸಿದಳು, ಬೀಜ ತೆಗೆದು ಬೇರೆ ಹಾಕಿದಳು, ಇನ್ನೊಂದಕ್ಕೆ ಕೈ ಹಾಕಿದಳು. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ, ಅವಳ ಮಾತಿನಲ್ಲೇ ಕೇಳಿದೆ:

“ಚಿಕ್ಕಮ್ಮ, ಆ ವರ್ಷ ಸೆಕೆಗಾಲದಲ್ಲಿ ಒಂದ್ಸಲ ಕಾರು ಅಲ್ಲೇ ನಿಂತ್ತಡ. ಅದು ಎಂತಕ್ಕೆ ಹೇಳಿ ನೀನು ಚಿಕ್ಕಪ್ಪನ ಹತ್ರ ಕೇಳಿದ್ಯಾ?”

ಅವಳು ಎಣ್ಣೆಯ ಬಟ್ಟಲನ್ನು ನನ್ನ ಕಡೆ ಸರಿಸಿ, “ಕೈಗೆ ಎಣ್ಣೆ ಸಾಕಾ?” ಎಂದು ವಿಚಾರಿಸಿದಳು.